ಹೊರವೃತ್ತದವರು ಊರಂಚಿನಲ್ಲಿ

ತನ್ನ ಭಾವನೆಗಳನ್ನು ಗುರುತಿಸಿ ಹತೋಟಿಯಲ್ಲಿಟ್ಟುಕೊಳ್ಳುವ, ಇತರರ ನೋವು-ನಲಿವುಗಳನ್ನು ಅರಿತು ಅವರೊಡನೆ ಹೊಂದಿ ಬಾಳುವ ಶಕ್ತಿಯನ್ನು ಅಭ್ಯಾಸದಿಂದ ಬೆಳೆಸುವುದಕ್ಕೆ ಸಾಮಾಜಿಕ-ಭಾವನಾತ್ಮಕ ಕಲಿಕೆ ಎಂದು ಹೆಸರು; ದೂರದ ನಾಡುಗಳ ಜನಜೀವನಕ್ಕೂ ತನ್ನ ಬದುಕಿಗೂ ಇರುವ ಕಾರ್ಯಕಾರಣ ಸಂಬಂಧವನ್ನು ಕಾಣುವ ತಿಳಿವಳಿಕೆಯೇ ಜಾಗತಿಕ ಅರಿವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಎರಡಕ್ಕೂ ಸ್ಥಾನವಿದೆಯಾದರೂ, ತರಗತಿಯಲ್ಲಿ ಒಂದು ನೀತಿಪಾಠವಾಗಿ, ಇನ್ನೊಂದು ಭೂಗೋಳವಾಗಿ ಬೇರೆಬೇರೆಯೇ ಉಳಿಯುವುದುಂಟು.

ಇವುಗಳ ನಂಟನ್ನು ಅರಿಯಲು ಕ್ರಿ.ಶ. 2ನೆಯ ಶತಮಾನದ ಸ್ಟೋಯಿಕ್ ದಾರ್ಶನಿಕ ಹಿಯರೊಕ್ಲೀಸನ ವಿಚಾರ ನೆರವಾಗುತ್ತದೆ. ಮನುಷ್ಯನ ಸುತ್ತ ಒಂದರ ಹೊರಗೊಂದು ವೃತ್ತಗಳಿವೆ. ತೀರ ಒಳಗೆ ತಾನು, ಆಮೇಲೆ ಮನೆಯವರು, ಬಂಧುಗಳು, ಊರವರು, ನಾಡವರು, ಕೊನೆಯಲ್ಲಿ ಮನುಕುಲ. ಹೊರವೃತ್ತದವರನ್ನು ಒಂದೊಂದು ಹೆಜ್ಜೆ ಒಳಕ್ಕೆ ಕರೆದುಕೊಳ್ಳುವುದೇ ಕರ್ತವ್ಯ ಎಂಬುದು ಅವನ ಮತ. ಆದರೆ ದೂರವನ್ನು ಹರದಾರಿಗಳಲ್ಲಿ ಅಳೆದರೆ ಈ ಚಿತ್ರ ದಾರಿ ತಪ್ಪಿಸುತ್ತದೆ.

ಉದಾಹರಣೆಗೆ, ಬಾಗಲಕೋಟೆ ಜಿಲ್ಲೆಯ ಸಮೀರವಾಡಿ ಸಕ್ಕರೆ ಕಾರ್ಖಾನೆಯ ಊರು. ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಸೀಮೆಯ ಹೊಲಗಳಿಗೆ ಮಹಾರಾಷ್ಟ್ರದ ಬೀಡ್ ಮೊದಲಾದ ಬರಪೀಡಿತ ಜಿಲ್ಲೆಗಳಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ. ಕೂಲಿಗಳನ್ನು ಕರೆತರುವ ಮುಕಾದಮನು ಗಂಡ-ಹೆಂಡಿರ ಜೋಡಿಯನ್ನು ಒಂದು ‘ಕೊಯತಾ’ (ಕುಡುಗೋಲು) ಎಂದೆಣಿಸಿ ಮುಂಗಡ ಕೊಡುವುದರಿಂದ ಇಬ್ಬರೂ ಹೊಲಕ್ಕಿಳಿಯಲೇಬೇಕು. ಹೀಗಾಗಿ ಮಕ್ಕಳೂ ಜತೆಗೆ ಬರುತ್ತಾರೆ, ತಾಯಿ ಕಬ್ಬಿನ ರವದಿ (ಒಣಗರಿ) ಸುಲಿಯುವ ಹೊತ್ತಿನಲ್ಲಿ ಹಿರಿಯ ಮಗಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬದುವಿನಲ್ಲಿ ನಿಲ್ಲುತ್ತಾಳೆ. ಮರಾಠಿಯಾಡುವ ಆ ಹುಡುಗಿ ಊರ ಶಾಲೆಯ ಮಕ್ಕಳಿಗೆ ಕೂಗಳತೆಯಲ್ಲಿದ್ದೂ ಹೊರವೃತ್ತದವಳು.

ಅವಳನ್ನು ಕಂಡು ಅಯ್ಯೋ ಎನ್ನುವುದು ಮರುಕ ಮಾತ್ರ. ಬೀಡಿನ ಮಳೆ, ಮುಂಗಡದ ಸಾಲ, ಟನ್ನಿನ ಲೆಕ್ಕದ ಕೂಲಿ ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಮರುಕ ಕಾಳಜಿಯಾಗಿ ಮಾಗುತ್ತದೆ. ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯದಲ್ಲಿಯೂ, ಯಂತ್ರಗಳು ವ್ಯಾಪಕವಾಗುವ ಮುನ್ನ, ಈಶಾನ್ಯದ ಬಡ ಪ್ರದೇಶಗಳ ವಲಸಿಗರು ದೊಡ್ಡ ಸಂಖ್ಯೆಯಲ್ಲಿ ಕಬ್ಬು ಕಡಿಯುತ್ತಿದ್ದರೆಂದು ತಿಳಿದ ವಿದ್ಯಾರ್ಥಿಗೆ ಭೂಪಟದ ಆ ನಾಡು ಬರಿಯ ಹೆಸರಾಗಿ ಉಳಿಯದು. ಅಲ್ಲಿನ ಇಳುವರಿ ಜಾಗತಿಕ ಸಕ್ಕರೆ ದರವನ್ನು ಅಲುಗಿಸುತ್ತದೆಂಬುದೂ ಆಗ ಮನಸ್ಸಿಗೆ ನಾಟುತ್ತದೆ.

ಕಠಿಣವಾದ ಭಾಗ ಇದರಾಚೆಗಿದೆ. ಸಮೀರವಾಡಿ ಸೀಮೆಯ ಹಲವು ವಿದ್ಯಾರ್ಥಿಗಳು ಬೆಳೆಗಾರರ ಮಕ್ಕಳು. ಕೂಲಿಯ ಪ್ರಶ್ನೆ ಎತ್ತಿದೊಡನೆ ಕಬ್ಬಿನ ಬಿಲ್ಲಿಗೆ ಕಾಯುವ ಅಪ್ಪನ ಚಿಂತೆಯೂ ನೆನಪಾಗಿ, ತಪ್ಪಿತಸ್ಥ ಭಾವವೋ ಸಿಟ್ಟೋ ತಲೆಯೆತ್ತುವುದು ಸಹಜ. ಅದನ್ನು ಅದುಮದೆ, ತೀರ್ಪಿಗೆ ಅವಸರಪಡದೆ, ಎರಡು ಮನೆಗಳ ಕಷ್ಟವನ್ನೂ ಒಟ್ಟಿಗೆ ಮಾತಾಡಲು ಶಿಕ್ಷಕರು ಎಡೆಮಾಡಿಕೊಡಬೇಕಾದದ್ದು ಆ ಗಳಿಗೆಯಲ್ಲಿಯೇ.