ಜಾಲಿಗಿಡದ ಕೆಳಗೆ ಮಲಗಿದ ಶೂರನು

ಓದತಕ್ಕ ಭಾಗ: 1 ಅರಸುಗಳು 18:40ರಿಂದ 19:8ರ ವರೆಗೆ



ಪ್ರವಾದಿಯಾದ ಎಲೀಯನನ್ನು ಕರ್ಮೆಲ್ ಬೆಟ್ಟದ ಮೇಲೆ ನೋಡುವದಕ್ಕೆ ನಮಗೆಲ್ಲರಿಗೂ ಇಷ್ಟ. ಆಕಾಶದಿಂದ ಬೆಂಕಿ ಬಿದ್ದ ಆ ಸಂಗತಿಯನ್ನು ಭಾನುವಾರದ ಶಾಲೆಯ ಮಕ್ಕಳು ಸಹ ಬಾಯಿಪಾಠವಾಗಿ ಹೇಳುವರು. ಅದರ ಮುಂದಿನ ಅಧ್ಯಾಯವನ್ನಾದರೋ ನಾವು ಬೇಗನೆ ಓದಿ ದಾಟಿಬಿಡುತ್ತೇವೆ. 450 ಮಂದಿಯ ಎದುರಿಗೆ ಒಬ್ಬನೇ ನಿಂತವನು, ಕೀಷೋನ್ ಹಳ್ಳದ ಬಳಿಯಲ್ಲಿ ಅವರನ್ನು ಕತ್ತಿಗೆ ಗುರಿಮಾಡಿದವನು, ರಾಣಿಯು ಕಳುಹಿಸಿದ ಒಂದು ಬೆದರಿಕೆಯ ಮಾತಿಗೆ ಓಡಿಹೋಗಿ, ಬೇರ್ಷೆಬದ ಆಚೆಯ ಅಡವಿಯಲ್ಲಿ ಜಾಲಿಗಿಡದ ಕೆಳಗೆ ಕುಸಿದು, ತನಗೆ ಮರಣವೇ ಬರಲೆಂದು ದೇವರನ್ನು ಬೇಡಿಕೊಂಡನು. ಶೂರನಿಗೆ ಇದೇನಾಯಿತು?

ಕರ್ಮೆಲ್ ನಮ್ಮ ಸೀಮೆಯವರಿಗೆ ಕೇವಲ ವೇದದಲ್ಲಿ ಕೇಳಿದ ಹೆಸರಲ್ಲ. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಎಂಬ ನಮ್ಮ ಸಂಸ್ಥಾನದ ಕುದುರೆ ದಂಡಿನವರು, ಜೋಧಪುರದ ಲ್ಯಾನ್ಸರ್ಸಿನವರ ಸಂಗಡ, ಅದೇ ಬೆಟ್ಟದ ಬುಡದಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ತೆಗೆದುಕೊಂಡರು. ಜೋಧಪುರದವರು ಕೀಷೋನ್ ಹೊಳೆಗೂ ಬೆಟ್ಟಕ್ಕೂ ನಡುವಣ ಇಕ್ಕಟ್ಟಿನಲ್ಲಿ ಮೆಷಿನ್ ಗನ್ನುಗಳ ಎದುರಿಗೆ ಈಟಿ ಹಿಡಿದು ಕುದುರೆ ಓಡಿಸಿದರು. ಮೈಸೂರಿನವರ ಒಂದು ತುಕಡಿಯು ಬೆಟ್ಟವನ್ನೇ ಏರಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಂಡಿನವರ ಸ್ಮಾರಕವಿದೆ. ಕಲ್ಲು ಸತ್ತವರನ್ನು ನೆನಪಿಗೆ ತರುತ್ತದೆ. ಬದುಕಿ ಊರಿಗೆ ಬಂದವರು ರಾತ್ರಿಯಲ್ಲಿ ಹೇಗೆ ಮಲಗಿದರೆಂಬದನ್ನು ಕಲ್ಲು ಹೇಳಲಾರದು.

ಆ ಮಹಾಯುದ್ಧದ ಕಾಲದಲ್ಲಿಯೇ ವೈದ್ಯರು ಈ ಬೇನೆಯನ್ನು ಗುರುತಿಸಿದರು. ಮೈಮೇಲೆ ಗಾಯವಿಲ್ಲದ ಸಿಪಾಯಿಗಳು ನಡುಗುವದನ್ನೂ ಮಾತು ನಿಂತುಹೋಗುವದನ್ನೂ ಕಂಡು, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಿಂದ ಅದನ್ನು ಕುರಿತು ಬರೆದನು. ಆದರೆ ಅಧಿಕಾರಿಗಳಲ್ಲಿ ಅನೇಕರು ಅದನ್ನು ಹೇಡಿತನವೆಂದೇ ಎಣಿಸಿದರು. ಓಡಿಹೋದರೆಂದೂ ಹೇಡಿಗಳೆಂದೂ ತೀರ್ಪಾಗಿ ಆ ಯುದ್ಧದಲ್ಲಿ ತಮ್ಮವರ ಗುಂಡಿಗೇ ಬಲಿಯಾದ ಬ್ರಿಟಿಷ್ ಸೈನ್ಯದ 306 ಮಂದಿಗೆ 2006ರಲ್ಲಿ ಆ ಸರಕಾರವು ಕ್ಷಮೆ ಕೊಟ್ಟಿತು. ಸುಮಾರು ತೊಂಬತ್ತು ವರುಷ ತಡವಾಗಿ! ವಿಯೆಟ್ನಾಂ ಯುದ್ಧದಿಂದ ಮರಳಿದವರನ್ನು ನೋಡಿದ ಮೇಲೆ ಅಮೇರಿಕದ ಮನೋವೈದ್ಯರು 1980ರಲ್ಲಿ ಇದಕ್ಕೆ ಈಗಿನ ಹೆಸರನ್ನು ಕೊಟ್ಟರು. ಪಿ.ಟಿ.ಎಸ್.ಡಿ., ಅಂದರೆ ಆಘಾತದ ತರುವಾಯ ಉಳಿಯುವ ಮನಸ್ಸಿನ ಬೇನೆ.

ನಮ್ಮ ಹಳ್ಳಿಗಳಲ್ಲಿ ಅದು ಹೇಗೆ ಕಾಣುತ್ತದೆ? ಗುಬ್ಬಿಯ ಕಡೆ ತೆಂಗಿನ ತೋಟದ ಮನೆಗೆ ರಜೆಯಲ್ಲಿಯೋ ಪಿಂಚಣಿ ಪಡೆದೋ ಮಗನು ಬರುತ್ತಾನೆ. ರಾತ್ರಿ ಒಂದು ಕಾಯಿ ತಗಡಿನ ಮೇಲೆ ಬಿದ್ದರೆ ಹಾಸಿಗೆಯಿಂದ ಹಾರಿ ಗೋಡೆಗೆ ಒರಗಿ ನಿಲ್ಲುತ್ತಾನೆ. ಕಲ್ಲುಗಣಿಯಲ್ಲಿ ಸಿಡಿಮದ್ದು ಹಾರಿದರೆ ಬೆವರುತ್ತಾನೆ. ನೋಡಿದ್ದೇ ಕನಸಾಗಿ ಬರುತ್ತದೆ. ಎಚ್ಚರದಲ್ಲಿಯೂ ಕಣ್ಣ ಮುಂದೆ ನಿಲ್ಲುತ್ತದೆ. ಜೊತೆಗಾರನು ಸತ್ತು ತಾನು ಉಳಿದದ್ದೇ ಅಪರಾಧವೆಂದು ತಿಳಿಯುತ್ತಾನೆ. ಜಾತ್ರೆಗೆ, ಮದುವೆಗೆ, ಆರಾಧನೆಗೆ ಬರನು. ತನ್ನ ಮಗುವನ್ನು ಎತ್ತಿಕೊಂಡರೂ ಸಂತೋಷ ಹುಟ್ಟದು. ಸಣ್ಣ ಮಾತಿಗೆ ಕೋಪ ಉರಿಯುತ್ತದೆ. ಇಂಥ ಗುರುತುಗಳು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದು ಬಾಳುವೆಯನ್ನು ಕೆಡಿಸಿದರೆ ವೈದ್ಯರು ಅದನ್ನು ಈ ಬೇನೆಯೆನ್ನುತ್ತಾರೆ. ಕೆಲವರಲ್ಲಿ ಊರಿಗೆ ಬಂದು ಬಹು ತಿಂಗಳಾದ ಮೇಲೆ ಕಾಣಿಸಿಕೊಳ್ಳುವದೂ ಉಂಟು. ಯುದ್ಧ ಕಂಡವರಿಗೆಲ್ಲಾ ಇದು ಬರುವದಿಲ್ಲ. ಬಂದವನು ಬಾರದವನಿಗಿಂತ ಕಡಿಮೆಯವನೂ ಅಲ್ಲ.

ಕುಣಿಗಲ್ಲಿನವರು ಇದನ್ನು ಬೇಗ ಗ್ರಹಿಸುವರೆಂದು ನನ್ನ ಎಣಿಕೆ. ಟಿಪ್ಪುವಿನ ಕಾಲದಿಂದ ದಂಡಿಗೆ ಕುದುರೆ ಬೆಳೆಸಿದ ಊರದು. ಒಮ್ಮೆ ಬೆದರಿದ ಕುದುರೆಯು ಮತ್ತೆ ಅಂಥ ಸದ್ದು ಕೇಳಿದಾಗ ಕಿವಿ ನಿಮಿರಿಸಿ ಹಿಂದೆ ಸರಿದರೆ, ಬಲ್ಲವನು ಚಾಟಿ ತೆಗೆಯುವದಿಲ್ಲ. ಕುದುರೆಗೆ ತೋರಿಸುವ ತಾಳ್ಮೆಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ತೋರಿಸದಿದ್ದರೆ ಹೇಗೆ?

ಈಗ ಜಾಲಿಗಿಡದ ಬಳಿಗೆ ಬನ್ನಿರಿ. ಎಲೀಯನಿಗೆ ಇದೇ ಬೇನೆ ಇತ್ತೆಂದು ನಾನು ಹೇಳುವದಿಲ್ಲ. ವೇದದಲ್ಲಿ ರೋಗದ ಹೆಸರು ಹುಡುಕುವದು ನಮ್ಮ ಕೆಲಸವಲ್ಲ. ದೇವರು ಅವನಿಗೆ ಮಾಡಿದ್ದನ್ನು ಮಾತ್ರ ನೋಡಿರಿ. ಸಾವನ್ನು ಬೇಡಿದವನಿಗೆ ಗದರಿಕೆ ಬರಲಿಲ್ಲ. ನಿನ್ನ ನಂಬಿಕೆ ಎಲ್ಲಿಹೋಯಿತೆಂದು ಕೇಳಲಿಲ್ಲ. ಮೊದಲು ಅವನಿಗೆ ನಿದ್ರೆ ಬಂತು. ಬಳಿಕ ದೂತನು ಬಂದು ಅವನನ್ನು ಮುಟ್ಟಿ ಎಬ್ಬಿಸಿದನು. ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು ಕುಡಿದು ಅವನು ಎದ್ದು ನಡೆದನೋ? ಇಲ್ಲ, ತಿರಿಗಿ ಮಲಗಿದನು. ಒಂದು ಸಾರಿ ರೊಟ್ಟಿ ಕೊಟ್ಟೆವು, ಇನ್ನೂ ಏಳಲಿಲ್ಲವೆಂದು ಬೇಸರಪಡುವವರು ನಾವು. ದೂತನು ಎರಡನೆಯ ಸಾರಿ ಬಂದನು. ದಾರಿಯು ಅವನ ಶಕ್ತಿಗೆ ಮೀರಿದ್ದೆಂದು ತಾನೇ ಒಪ್ಪಿಕೊಂಡು ತಿರಿಗಿ ಉಣ್ಣಿಸಿದನು. ಅನಂತರವೇ ಹೋರೇಬಿನ 40 ದಿನದ ಪ್ರಯಾಣ. ಮನಸ್ಸಿನೊಳಗಿದ್ದದ್ದನ್ನು ಹೇಳಿಕೊಳ್ಳುವ ಹೊತ್ತು ಬಂದದ್ದು ಅದಕ್ಕೂ ಆಮೇಲೆ. ಆಗಲೂ ಅವನು ಒಂದೇ ದೂರನ್ನು ಎರಡು ಸಾರಿ ಹೇಳಿದನು. ದೇವರು ಎರಡು ಸಾರಿಯೂ ಕೇಳಿದನು.

ಹೀಗಿರಲಾಗಿ ನಮ್ಮ ಸಭೆಗಳಲ್ಲಿ ನಡೆಯುವದೇನು? ತಾಯತ ಕಟ್ಟಿಸುವದನ್ನು ಬಿಟ್ಟೆವು. ಆದರೆ ಅವನಿಗೆ ದೆವ್ವ ಹಿಡಿದಿದೆಯೆಂಬ ಮಾತನ್ನು ಬಿಡಲಿಲ್ಲ. ಉಪವಾಸ ಪ್ರಾರ್ಥನೆಯ ಹೆಸರಿನಲ್ಲಿ ನಿದ್ರೆಗೆಟ್ಟವನನ್ನು ರಾತ್ರಿಯೆಲ್ಲಾ ಎಚ್ಚರವಾಗಿ ಕೂರಿಸುವದೂ ಉಂಟು; ದೂತನು ಮಾಡಿದ್ದಕ್ಕೆ ಇದು ನೇರವಾಗಿ ವಿರೋಧವಲ್ಲವೇ? ಇನ್ನು ಕೆಲವರು ಸಭೆಯ ಮುಂದೆ ನಿಲ್ಲಿಸಿ, ಯುದ್ಧದಲ್ಲಿ ಕಂಡದ್ದನ್ನು ಸಾಕ್ಷಿ ಹೇಳೆಂದು ಬಲವಂತಮಾಡುತ್ತಾರೆ. ಇದು ಕೂಡದು. ಮನಸ್ಸಿಲ್ಲದವನನ್ನು ಹೇಳಿಸುವದರಿಂದ ಗಾಯ ವಾಸಿಯಾಗದು, ಕೆದಕಿದಂತಾಗಬಹುದು. ಅವನು ತಾನಾಗಿ ಮಾತೆತ್ತಿದರೆ ಸುಮ್ಮನೆ ಕುಳಿತು ಕೇಳಿರಿ. ಸ್ನೇಹಿತರು ಕೊಡುವ ಸಾರಾಯಿ ಒಂದು ಗಳಿಗೆ ನಿದ್ರೆ ತಂದಂತೆ ತೋರಿ, ನಿದ್ರೆಯನ್ನೂ ಮನಸ್ಸನ್ನೂ ಇನ್ನಷ್ಟು ಕೆಡಿಸುತ್ತದೆ. ಮದುವೆಯಲ್ಲಾಗಲಿ ಕ್ರಿಸ್ಮಸ್ಸಿನಲ್ಲಾಗಲಿ ಅವನ ಮನೆಯ ಬಳಿ ಪಟಾಕಿ ಹಚ್ಚಬೇಡಿರಿ. ಹಚ್ಚಲೇಬೇಕಾದರೆ ಮುಂಚೆ ತಿಳಿಸಿರಿ. ಹೆಂಡತಿಯನ್ನೂ ವಿಚಾರಿಸಿರಿ. ಅವನ ಕೋಪವು ಮೊದಲು ಬೀಳುವದು ಆಕೆಯ ಮೇಲೆಯೇ. ಬೇನೆಯೆಂಬ ಕಾರಣಕ್ಕೆ ಆಕೆ ಹೊಡೆತ ತಾಳಬೇಕೆಂದು ಯಾವ ಹಿರಿಯನೂ ಬುದ್ಧಿ ಹೇಳಬಾರದು.

ಅವನು ಸಾಯುವ ಮಾತನ್ನಾಡಿದರೆ ಒಂಟಿಯಾಗಿ ಬಿಡಬೇಡಿರಿ. ಬಂದೂಕನ್ನೂ ತೋಟದ ವಿಷವನ್ನೂ ಮನೆಯಿಂದ ಹೊರಗೆ ಸಾಗಿಸಿರಿ. ಪೊಲೀಸರಿಗೆ ಹೆದರಿ ಮುಚ್ಚಿಡುವ ಕಾಲವು ಹೋಯಿತು: 2017ರ ಮಾನಸಿಕ ಆರೋಗ್ಯ ಕಾಯಿದೆಯು ಪ್ರಾಣ ತೆಗೆದುಕೊಳ್ಳಲು ಯತ್ನಿಸಿದವನನ್ನು ಕಠಿಣ ಒತ್ತಡದಲ್ಲಿದ್ದವನೆಂದು ಎಣಿಸುತ್ತದೆ, ಅಪರಾಧಿಯೆಂದಲ್ಲ. ಈ ಬೇನೆಗೆ ಔಷಧಿಯುಂಟು. ತರಬೇತಿ ಹೊಂದಿದವರು ವಾರ ವಾರವೂ ಮಾತಿನ ಮೂಲಕ ನಡಿಸುವ ಚಿಕಿತ್ಸೆಯುಂಟು. ಅದರಿಂದ ಅನೇಕರು ಗುಣಹೊಂದಿದ್ದಾರೆ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಆರೈಕೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಪಿಂಚಣಿಯುಳ್ಳ ಮಾಜಿ ಸೈನಿಕರಿಗೂ ಅವರ ಮನೆಯವರಿಗೂ 2003ರಿಂದ ಇ.ಸಿ.ಎಚ್.ಎಸ್. ಎಂಬ ವೈದ್ಯ ಯೋಜನೆ ನಡೆಯುತ್ತಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, 14416 ಎಂಬ ಸಂಖ್ಯೆಗೆ, ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಬೇಡ.

ಆದರೆ ಇಂಥವನು ಆಸ್ಪತ್ರೆಗೆ ತಾನಾಗಿ ಹೊರಡುವದು ಅಪರೂಪ. ಬಸ್ ನಿಲ್ದಾಣದ ಜನಸಂದಣಿಯೇ ಅವನಿಗೆ ಭಾರ. ಆದಕಾರಣ ಸಭೆಯ ಹಿರಿಯರಲ್ಲಿ ಒಬ್ಬರು, ಮಾತು ಕಡಿಮೆಯಿರುವವರಾದರೆ ಒಳ್ಳೇದು, ಒಂದು ದಿನದ ಕೆಲಸ ಬಿಟ್ಟು ಅವನ ಮನೆಗೆ ಬೆಳಿಗ್ಗೆ ಹೋಗಲಿ. ಕುಣಿಗಲ್ಲಿನಿಂದಾಗಲಿ ಗುಬ್ಬಿಯಿಂದಾಗಲಿ ತುಮಕೂರಿಗೆ ಅವನ ಪಕ್ಕದಲ್ಲಿ ಕುಳಿತು ಹೋಗಲಿ. ಬುತ್ತಿಯನ್ನು ಇಬ್ಬರಿಗೂ ಕಟ್ಟಿಕೊಳ್ಳಲಿ. ವೈದ್ಯರು ತಿರಿಗಿ ಬರಹೇಳಿದ ದಿನವನ್ನು ಗುರುತು ಹಾಕಿಕೊಂಡು ಎರಡನೆಯ ಸಾರಿಯೂ ಹೋಗಲಿ.