ಅಪ್ಪನ ಯೆಜ್ಡಿಗೆ ಡಿಸ್ಕ್ ಬ್ರೇಕು

ಒಂದು ಬ್ರೇಕ್ ಬದಲಿಸಬೇಕೋ ಬೇಡವೋ ಅಂತ ನಿರ್ಧರಿಸೋಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆಫೀಸಿನಲ್ಲಿ ವಾರಕ್ಕೆ ಎರಡು ಸಲ ಪ್ರೊಡಕ್ಷನ್‌ಗೆ ಕೋಡ್ ಬಿಡೋ ಮನುಷ್ಯ ನಾನು. ಅಲ್ಲಿ ಇಷ್ಟು ಯೋಚನೆ ಮಾಡಿದ್ದರೆ ಮ್ಯಾನೇಜರ್ ಎಂದೋ ಮನೆಗೆ ಕಳಿಸ್ತಿದ್ದ.

ಗಾಡಿ ಅಪ್ಪನದು. ಯೆಜ್ಡಿ ರೋಡ್‌ಕಿಂಗ್, 250 ಸಿಸಿ, 1986ರಲ್ಲಿ ಕಬ್ಬಿನ ಬಿಲ್ಲು ಬಂದಾಗ ತಂದದ್ದು. ಅದಕ್ಕೂ ಹಿಂದೆ ಹುನ್ನೂರಿನ ನಮ್ಮ ಓಣಿಯಲ್ಲಿ ಇದ್ದ ವಾಹನ ಅಂದರೆ ಚಕ್ಕಡಿ ಮತ್ತು ಒಂದು ಲೂನಾ. ನಿಮ್ಮ ಊರಿನಲ್ಲಿ ಯಾರೋ ಕೆಂಪು ಸ್ಪೋರ್ಟ್ಸ್ ಕಾರು ಇಟ್ಟಿರಬಹುದು, ನಮ್ಮ ಊರಿಗೆ ಇದೇ ಸ್ಪೋರ್ಟ್ಸ್ ಕಾರು. ಎರಡೂ ಬದಿಗೆ ಒಂದೊಂದು ಸೈಲೆನ್ಸರ್, ಕಿಕ್ ಹೊಡೆಯೋ ಲಿವರೇ ಮುಂದಕ್ಕೆ ಬಗ್ಗಿಸಿದರೆ ಗೇರ್ ಲಿವರ್, ಮತ್ತು ಆ ಶಬ್ದ. ಜಮಖಂಡಿಯಿಂದ ಅಪ್ಪ ಬರುತ್ತಿದ್ದರೆ ಅವ್ವ ಊರ ಹೊರಗಿನ ಶಬ್ದ ಕೇಳಿಯೇ ರೊಟ್ಟಿಗೆ ಹಿಟ್ಟು ನಾದಲು ಕೂರುತ್ತಿದ್ದಳು.

ಈ ಗಾಡಿ ಹುಟ್ಟಿದ್ದು ಮೈಸೂರಿನಲ್ಲಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ, ಕಾರ್ಖಾನೆ ಮುಚ್ಚೋ ತನಕ ಮುಂದೆಯೂ ಹಿಂದೆಯೂ ಡ್ರಮ್ ಬ್ರೇಕೇ. ಇಂದಿಗೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಜನ ಗಾಡಿ ತೊಳೆದು, ಒರೆಸಿ, ಒಂದು ಕಡೆ ಸೇರುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ಅಲ್ಲಿ ಕೇಳೋ ಮೊದಲ ಪ್ರಶ್ನೆ ‘ಎಷ್ಟು ಓಡಿದೆ’ ಅಂತಲ್ಲ, ‘ಒರಿಜಿನಲ್ಲಾ?’ ಅಂತ.

ಅಪ್ಪ ತೀರಿದ ಮೇಲೆ ಗಾಡಿ ಊರಲ್ಲೇ ಉಳಿಯಿತು. ರಜೆಗೆ ಹೋದಾಗ ನಾನು ಹೊಡೆಯುತ್ತೇನೆ, ಉಳಿದ ದಿನ ಕಾಕಾನ ಮಗ. ಹೋದ ವರ್ಷದ ಹಿಂದಿನ ಜನವರಿ, ಕಬ್ಬಿನ ಸೀಸನ್, ಹೊತ್ತು ಮುಳುಗೋ ಸಮಯ. ಜಮಖಂಡಿ ಕಡೆಯಿಂದ ಬರುತ್ತಿದ್ದೆ. ಐವತ್ತೋ ಐವತ್ತೈದೋ ಇದ್ದೆ, ಹೆಚ್ಚೇನಲ್ಲ. ಕಬ್ಬಿನ ಹೊಲದ ನಡುವಿನ ದಾರಿಯಿಂದ ಒಬ್ಬ ಹುಡುಗ ಸೈಕಲ್ ಮೇಲೆ ಸೀದಾ ರಸ್ತೆಗೆ ಬಂದ. ಹ್ಯಾಂಡಲ್‌ಗೆ ಹಾಲಿನ ಕ್ಯಾನು. ಲಿವರ್ ಹಿಡಿದೆ. ಅದು ಹ್ಯಾಂಡಲ್ ಗ್ರಿಪ್ಪಿಗೆ ತಾಗುವ ತನಕ ಬಂತು, ಗಾಡಿ ಮಾತ್ರ ತನ್ನ ಪಾಡಿಗೆ ತಾನು ಹೊರಟಿತ್ತು. ಹಿಂದಿನ ಬ್ರೇಕ್ ತುಳಿದರೆ ಚಕ್ರ ಜಾಮ್ ಆಗಿ ಬಾಲ ತಿರುಗಿತು. ರಸ್ತೆ ಬಿಟ್ಟು ಕರಿ ಮಣ್ಣಿಗೆ ಇಳಿಸಿದೆ. ಹುಡುಗನಿಗೂ ನನಗೂ ಒಂದು ಗೇಣು ಅಂತರ. ಅವನು ಗಾಬರಿಯಲ್ಲಿ ಸೈಕಲ್ ಬಿಟ್ಟ, ಹಾಲೆಲ್ಲ ರಸ್ತೆಗೆ. ನನ್ನ ಕೈಕಾಲು ನಡುಗುತ್ತಿದ್ದವು. ಹುಡುಗ ನನ್ನ ಮುಖ ನೋಡಲೇ ಇಲ್ಲ. ಹಾಲು ನೋಡುತ್ತಾ, “ಅವ್ವ ಬಡೀತಾಳ್ರೀ” ಅಂದ.

ಹಾಲಿನ ದುಡ್ಡು ಕೊಟ್ಟೆ. ಅದು ಸುಲಭದ ಭಾಗ.

ಮರುದಿನ ಜಮಖಂಡಿಯ ಮಿಸ್ತ್ರಿ ಹತ್ತಿರ ಹೋದೆ. ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು. ಚಕ್ರ ಬಿಚ್ಚಿ ತೋರಿಸಿದರು. ಡ್ರಮ್ ಒಳಗೆ ಎರಡು ಶೂ. ಲಿವರ್ ಹಿಡಿದರೆ ಕೇಬಲ್ ಎಳೆದು, ಕ್ಯಾಮ್ ತಿರುಗಿ, ಶೂ ಅಗಲವಾಗಿ ಡ್ರಮ್ಮಿನ ಒಳಮೈಗೆ ಉಜ್ಜುತ್ತದೆ. ಕೇಬಲ್ ಹಿಗ್ಗಿದ್ದರೆ ನಿಮ್ಮ ಕೈಯ ಅರ್ಧ ಬಲ ಅಲ್ಲೇ ಖರ್ಚು. ಡ್ರಮ್ ಬಿಸಿಯಾದರೆ ಅದೂ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಮೇಲಾಗಿ ಇದು ಟು-ಸ್ಟ್ರೋಕ್, ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಹಿಡಿದು ನಿಲ್ಲಿಸುವುದು ತೀರಾ ಕಡಿಮೆ. ಮಿಸ್ತ್ರಿ ಶೂ ಹಾಕಿದರು, ಡ್ರಮ್ ಲೇಥಿಗೆ ಕಳಿಸಿದರು, ಕೇಬಲ್ ಬದಲಿಸಿದರು, ಗಟ್ಟಿಯಾಗಿದ್ದ ಟೈರನ್ನೂ ತೆಗೆಸಿದರು. “ಗಾಡಿ ನಿಲ್ಲಿಸೂದು ಬ್ರೇಕ್ ಅಲ್ರೀ, ಟೈರು. ಬ್ರೇಕ್ ಬರೇ ಚಕ್ರ ನಿಲ್ಲಸ್ತೈತಿ” ಅಂದರು. ಇದನ್ನ ಬಿ.ಇ. ನಾಲ್ಕು ವರ್ಷದಲ್ಲಿ ನನಗೆ ಯಾರೂ ಇಷ್ಟು ಚೊಕ್ಕ ಹೇಳಿರಲಿಲ್ಲ.

ಗಾಡಿ ಮೊದಲಿಗಿಂತ ಚೆನ್ನಾಗಿ ನಿಂತಿತು. ಆದರೂ ಇಂದಿನ ಗಾಡಿಗಳ ಹಾಗಲ್ಲ. ಡಿಸ್ಕ್ ಹಾಕಬಹುದಾ ಅಂತ ಕೇಳಿದೆ. ಆಗುತ್ತೆ ಅಂದರು. ಬೇರೆ ಗಾಡಿಯ ಫೋರ್ಕು, ಚಕ್ರ, ಕ್ಯಾಲಿಪರ್, ಮೇಲೆ ಮಾಸ್ಟರ್ ಸಿಲಿಂಡರ್. ಮುಂದಿನ ಅರ್ಧ ಗಾಡಿ ಯೆಜ್ಡಿ ಆಗಿ ಉಳಿಯೋದಿಲ್ಲ. ಸುಮಾರು 18,000 ರೂಪಾಯಿ.

ಅಲ್ಲಿಂದ ಶುರುವಾಯಿತು ನನ್ನ ಹದಿನಾಲ್ಕು ತಿಂಗಳು.

ಮೊದಲು ತಡೆದದ್ದು ಅಪ್ಪ. ಅಪ್ಪ ಮುಟ್ಟಿದ ಲಿವರ್ ತೆಗೆದು ಎಸೆಯೋದಾ? ಮಿಲಿಂದ ರಾಜನಿಗೂ ಭಿಕ್ಷು ನಾಗಸೇನನಿಗೂ ನಡೆದ ಮಾತು ನಿಮಗೆ ಗೊತ್ತಿರಬಹುದು. ರಥದಲ್ಲಿ ಬಂದೆಯಲ್ಲ, ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಅಂತ ನಾಗಸೇನ ಒಂದೊಂದೇ ಕೇಳುತ್ತಾ ಹೋಗುತ್ತಾನೆ. ಯಾವುದೂ ಅಲ್ಲ ಅಂತ ರಾಜ ಒಪ್ಪುತ್ತಾ ಹೋಗುತ್ತಾನೆ. ನಾನೂ ಒಂದು ರಾತ್ರಿ ಪಟ್ಟಿ ಮಾಡಿದೆ. ಸೀಟಿನ ಕವರು ಮೂರನೆಯದು. ಕಾರ್ಬುರೇಟರ್ ಬದಲಾಗಿದೆ, ಪಿಸ್ಟನ್ ಎರಡು ಸಲ. ಬಣ್ಣ ಅಪ್ಪನೇ ಒಮ್ಮೆ ಹೊಡೆಸಿದ್ದು, ಅದೂ ಕಂಪನಿ ಬಣ್ಣ ಅಲ್ಲ. ಹಾಗಾದರೆ ನಾನು ಕಾಪಾಡುತ್ತಿರೋ ಒರಿಜಿನಲ್ ಯಾವುದು?

ಅವ್ವನನ್ನ ಕೇಳಿದೆ. ಅಪ್ಪನ ನೆನಪು, ಬೇಡ ಅಂತಾಳೆ ಅಂದುಕೊಂಡಿದ್ದೆ. ಅವಳು ಸೊಪ್ಪು ಸೋಸುತ್ತಾ ನಕ್ಕಳು. “ನಿಮ್ಮಪ್ಪಾರು ಬ್ರೇಕಿಗಿಂತ ಚಪ್ಪಲಿನ ಹೆಚ್ಚ ಸವಿಸ್ಯಾರ. ನಿನ್ನ ತೊಡಿ ಮ್ಯಾಲ ಇಟಗೊಂಡು ಹಿಂದ ಕುಂತ ಹೋಗೂಮುಂದ ನನ್ನ ಜೀವ ಕೈಯಾಗ ಇರತಿತ್ತು. ಆ ಬ್ರೇಕ್ ಇಟಗೊಂಡು ಪೂಜಿ ಮಾಡ್ತಿಯೇನ?” ನಲವತ್ತು ವರ್ಷದ ಹಿಂದಿನ ಹೆದರಿಕೆ ಅದು, ನಾನು ಕೇಳೋ ತನಕ ಹೇಳಿಯೇ ಇರಲಿಲ್ಲ. ನಮ್ಮ ನಾಸ್ಟಾಲ್ಜಿಯಾ ಬಹಳ ಸಲ ಮುಂದಿನ ಸೀಟಿನದು. ಹಿಂದೆ ಕೂತವರನ್ನ ಯಾರೂ ಕೇಳಿರುವುದಿಲ್ಲ.

ಅಪ್ಪನ ವಾದ ಅಲ್ಲಿಗೆ ಬಿತ್ತು. ಎರಡನೇ ವಾದ ಬೀಳಲಿಲ್ಲ, ಅದು ಗಟ್ಟಿಯಾದದ್ದು.

ಕಾಕಾ ಹೇಳಿದ: “ಬ್ರೇಕ್ ಚಲೋ ಇಲ್ಲಂದ್ರ ಸಾವಕಾಶ ಹೊಡಿತಿ. ಚಲೋ ಹಾಕಿದ್ರ ಜೋರ ಹೊಡಿತಿ. ಎರಡೂ ಅಷ್ಟ.” ಇದು ಹಳ್ಳಿಯ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಟ್ಯಾಕ್ಸಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಒಂದೇ ಕಂಪನಿಯ ಕೆಲವು ಕಾರುಗಳಿಗೆ ಎಬಿಎಸ್, ಕೆಲವಕ್ಕೆ ಇಲ್ಲ. ಎಬಿಎಸ್ ಇದ್ದ ಕಾರುಗಳಿಗೆ ಅಪಘಾತ ಕಡಿಮೆಯಾಗಲಿಲ್ಲ. ಆ ಚಾಲಕರು ತಿರುವಿನಲ್ಲಿ ಹೆಚ್ಚು ಬಿರುಸಾಗಿ ಹೋಗುತ್ತಿದ್ದರು, ಮುಂದಿನ ಗಾಡಿಗೆ ಹತ್ತಿರ ಓಡಿಸುತ್ತಿದ್ದರು. ಜೆರಾಲ್ಡ್ ವೈಲ್ಡ್ ಅನ್ನೋ ಮನಶ್ಶಾಸ್ತ್ರಜ್ಞ ಇಂಥದ್ದನ್ನೆಲ್ಲ ಸೇರಿಸಿ 1994ರಲ್ಲಿ ಒಂದು ಪುಸ್ತಕವನ್ನೇ ಬರೆದ. ಪ್ರತಿ ಮನುಷ್ಯನಿಗೂ ಅವನದೇ ಅಪಾಯದ ಮಟ್ಟ ಒಂದಿರುತ್ತದೆ, ಒಂದು ಕಡೆ ಕಡಿಮೆ ಮಾಡಿದರೆ ಇನ್ನೊಂದು ಕಡೆ ಅವನೇ ತುಂಬಿಕೊಳ್ಳುತ್ತಾನೆ ಅನ್ನೋದು ಅವನ ವಾದ. ಸಂಬಳ ಹೆಚ್ಚಾದ ತಿಂಗಳೇ ಇಎಂಐ ಹೆಚ್ಚು ಮಾಡಿಕೊಳ್ಳೋ ನಮಗೆ ಇದು ಅರ್ಥವಾಗೋಕೆ ಜರ್ಮನಿಗೆ ಹೋಗಬೇಕಿಲ್ಲ.

ನಾನು ಎಂಜಿನಿಯರು, ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಚೆನ್ನಾಗಿ ಹಿಡಿಯೋ ಬ್ರೇಕು ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ವೇಗ ಇಳಿಸುತ್ತದೆ ಅಂತಿಟ್ಟುಕೊಳ್ಳಿ, ಹಳೆಯದು 4. ಮೊದಲನೆಯದು ಸುಮಾರು 20 ಮೀಟರಿಗೆ ನಿಲ್ಲುತ್ತದೆ, ಎರಡನೆಯದು 35ಕ್ಕೆ. ಬರೀ 15 ಮೀಟರ್ ವ್ಯತ್ಯಾಸ ಅನ್ನಬೇಡಿ. ಒಳ್ಳೆ ಬ್ರೇಕಿನ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಹಳೆ ಬ್ರೇಕಿನ ಗಾಡಿ ಇನ್ನೂ ಗಂಟೆಗೆ 39 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ಜಾಗದಲ್ಲಿ ಸೈಕಲ್ ಇದ್ದರೆ?

ಈಗ ಕಾಕಾನ ಲೆಕ್ಕ. ಹೊಸ ಬ್ರೇಕ್ ಹಾಕಿಸಿ, ಅದರ ಧೈರ್ಯದಲ್ಲಿ ನಾನು 60ರ ಬದಲು 80ಕ್ಕೆ ಹೋದೆ ಅನ್ನಿ. ನಿಲ್ಲೋಕೆ 35 ಮೀಟರ್ ಬೇಕು. ಹಳೆ ಬ್ರೇಕಿಗೆ 60ರಲ್ಲಿ ಬೇಕಾಗಿದ್ದಷ್ಟೇ! 18,000 ರೂಪಾಯಿ ಕೊಟ್ಟು ಕೊಂಡ 15 ಮೀಟರನ್ನ ಬಲಗೈ ಮಣಿಕಟ್ಟು ಒಂದೇ ಸಲ ತಿರುಗಿ ತಿಂದುಹಾಕುತ್ತದೆ. ಕಣ್ಣಿಗೆ ಕಂಡು ಕೈ ಬ್ರೇಕ್ ಹಿಡಿಯೋ ಆ ಒಂದು ಸೆಕೆಂಡಿನಲ್ಲಿ ಇನ್ನೂ ಐದಾರು ಮೀಟರ್ ಹೆಚ್ಚೇ ಓಡಿರುತ್ತೇನೆ. ಕಾಕಾ ಎಂಟನೇ ಇಯತ್ತೆ ತನಕ ಕಲಿತವ.

ಇಷ್ಟು ದಿನ ನಾನು ಈ ಪ್ರಶ್ನೆಯನ್ನ ತಪ್ಪಾಗಿ ಕೇಳಿಕೊಂಡಿದ್ದೆ. ನನ್ನ ಗಾಡಿ, ನನ್ನ ಅಪ್ಪನ ನೆನಪು, ನನ್ನ ಜೀವ, ನನ್ನ ರಿಸ್ಕು. ಹೆಲ್ಮೆಟ್ ವಿಷಯದಲ್ಲಿ ಈ ಮಾತಿಗೆ ಅರ್ಥ ಇದೆ, ಅದು ನನ್ನ ತಲೆ. ಬ್ರೇಕ್ ಹಾಗಲ್ಲ. ಅದನ್ನ ಕೊಳ್ಳುವವನು ನಾನು, ಬಳಸುವವನು ನಾನು, ಅದರ ಲಾಭ ಮಾತ್ರ ಬಹುಪಾಲು ಮುಂದೆ ಬರುವವನಿಗೆ. ನನಗೆ ಗುರುತಿಲ್ಲದ, ನನ್ನ ಯೆಜ್ಡಿಯ ಇತಿಹಾಸ ಕಟ್ಟಿಕೊಂಡು ಏನೂ ಆಗಬೇಕಿಲ್ಲದ ಒಬ್ಬ ಹಾಲಿನ ಹುಡುಗನಿಗೆ. ನಾನು ಸಾವಕಾಶ ಹೋಗುತ್ತೇನೆ ಅನ್ನೋ ಭರವಸೆಯ ಮೇಲೆ ಅವನು ರಸ್ತೆಗೆ ಬಂದಿಲ್ಲ. ನನ್ನ ಹೆದರಿಕೆಯೇ ಅವನ ರಕ್ಷಣೆ ಅಂತಾದರೆ, ನಾನು ಹೆದರದ ದಿನ ಅವನ ಗತಿ? ಗಾಡಿ ಕಾಕಾನ ಮಗನ ಕೈಗೆ ಹೋದ ದಿನ? ಅವನಿಗೆ ಇಪ್ಪತ್ತೊಂದು ವರ್ಷ. ನಮ್ಮ ಕೆಲಸದಲ್ಲಿ ಡಿಫಾಲ್ಟ್ ಸೆಟ್ಟಿಂಗನ್ನ ಜಾಣ ಬಳಕೆದಾರನಿಗಾಗಿ ಇಡೋದಿಲ್ಲ, ಮ್ಯಾನುಯಲ್ ಓದದವನಿಗಾಗಿ ಇಡುತ್ತೇವೆ. ಸರ್ಕಾರವೂ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಮಾಡಿದ್ದು ಇದೇ ಯೋಚನೆಯಲ್ಲಿ ಇರಬೇಕು. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂದಾಗ ಹಿಂದೆ ಮುಂದೆ ಎರಡೂ ಕಡೆ ಡಿಸ್ಕೇ ಇತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ನಾನೇ ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ.

ಇದನ್ನೆಲ್ಲ ಕಾಕಾನಿಗೆ ಹೇಳುತ್ತಾ ಅಂಗಳದಲ್ಲಿ ಕೂತಿದ್ದೆ. ಎದುರಿಗೇ ನಮ್ಮ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನವರಿಗಾಗಿ ಹೇಳುತ್ತೇನೆ: ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ರಸ್ತೆಗಳಲ್ಲಿ ಸೀಸನ್ ಪೂರ್ತಿ ರಾತ್ರಿ ಹಗಲು ಇವೇ. ಎರಡೂ ಟ್ರೇಲರ್ ಸೇರಿ ಇಪ್ಪತ್ತು ಟನ್ನಿಗೆ ಕಮ್ಮಿ ಕಬ್ಬು ಇರೋದಿಲ್ಲ. ಟ್ರೇಲರುಗಳಿಗೆ ಬ್ರೇಕ್ ಇಲ್ಲ. ಅಷ್ಟನ್ನೂ ಹಿಡಿದು ನಿಲ್ಲಿಸಬೇಕಾದದ್ದು ಎರಡು-ಎರಡೂವರೆ ಟನ್ನಿನ ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರ. ಅದಕ್ಕೂ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಪೆಡಲ್, ಹೊಲದಲ್ಲಿ ತಿರುಗಿಸೋಕೆ ಅನುಕೂಲ ಅಂತ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸಿ ಲಾಕ್ ಹಾಕಬೇಕು. ಮರೆತರೆ ಟ್ರ್ಯಾಕ್ಟರ್ ಒಂದೇ ಕಡೆ ಎಳೆಯುತ್ತದೆ. ಟೈರ್ ಒಡೆದು ರಾತ್ರಿ ರಸ್ತೆಯಲ್ಲೇ ನಿಂತ ಟ್ರೇಲರಿಗೆ ಹಿಂದಿನಿಂದ ಬೈಕ್ ಹೊಡೆದು ಸತ್ತವರು ನಮ್ಮ ಕಡೆ ಪ್ರತಿ ಊರಲ್ಲೂ ಒಬ್ಬರಾದರೂ ಸಿಗುತ್ತಾರೆ. ನನ್ನ ಜೊತೆ ಹೈಸ್ಕೂಲಿನಲ್ಲಿ ಕೂರುತ್ತಿದ್ದವನೊಬ್ಬ ಹಾಗೇ ಹೋದ.

“ಕಾಕಾ, ಇದಕ್ಕ ಬ್ರೇಕ್?” ಅಂದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ಎಲ್ಲಾರೂ ಹಾಕಿಸಿದ್ರ ನಾನೂ ಹಾಕಸ್ತೀನಿ ತಮ್ಮಾ. ನಾ ಒಬ್ಬನ ರೊಕ್ಕಾ ಹಾಕಿ, ಲೋಡ್ ಕಡಿಮಿ ಮಾಡಿ ಹೊಡದ್ರ ಬಾಡಿಗಿ ಗಿಟ್ಟಬೇಕಲ್ಲ? ಗ್ಯಾಂಗಿನವ್ರಿಗೆ ಅಡ್ವಾನ್ಸ್ ಕೊಟ್ಟೇನಿ, ಟ್ರ್ಯಾಕ್ಟರ್ ಸಾಲ ಐತಿ.” ಆಮೇಲೆ ಮೆಲ್ಲಗೆ, “ನಿನ್ನ ಫೀನೂ ಇದ ಟ್ರೇಲರ್ ಎಳದದ್ದಪಾ” ಅಂದ.

ಸಿಟ್ಟಿನಲ್ಲಿ ಹೇಳಿದ್ದಲ್ಲ, ಲೆಕ್ಕ ಹೇಳಿದ್ದು. ನನಗೆ ಉತ್ತರ ಇರಲಿಲ್ಲ. ವರ್ಷಕ್ಕೆ ಮುನ್ನೂರು ಕಿಲೋಮೀಟರ್ ಓಡೋ ಶೋಕಿ ಗಾಡಿಯ ಬ್ರೇಕಿನ ನೈತಿಕತೆ ಬಗ್ಗೆ ಹದಿನಾಲ್ಕು ತಿಂಗಳು ತಲೆ ಕೆಡಿಸಿಕೊಂಡ ನಾನು, ಬಾಗಲಕೋಟದಲ್ಲಿ ಬಿ.ಇ. ಓದಿದ್ದು ಬ್ರೇಕಿಲ್ಲದ ಇಪ್ಪತ್ತು ಟನ್ನಿನ ದುಡ್ಡಲ್ಲಿ. ಕಾಕಾನದು ತಪ್ಪು ಅಂತ ಈಗಲೂ ಅಂದುಕೊಂಡಿದ್ದೇನೆ. ಆದರೆ ಆ ತಪ್ಪು ಅವನೊಬ್ಬನದೇ ಅಂತ ಹೇಳೋಕೆ ಬಾಯಿ ಬರೋದಿಲ್ಲ. ಒಬ್ಬನೇ ಸರಿ ಮಾಡಿದರೆ ಅವನೇ ಮುಳುಗುತ್ತಾನೆ ಅನ್ನೋ ಕಡೆ ಒಬ್ಬನ ಆತ್ಮಸಾಕ್ಷಿಗೆ ಎಷ್ಟು ಭಾರ ಹೊರಿಸಬಹುದು? ಅದಕ್ಕೇ ನಿಯಮ ಬೇಕು, ಅದು ಎಲ್ಲರ ಮೇಲೂ ಒಂದೇ ದಿನ ಬೀಳಬೇಕು ಅನ್ನೋದು ನನ್ನ ಅಭಿಪ್ರಾಯ. ಅಲ್ಲಿಯ ತನಕ ಏನು ಅಂದರೆ, ಗೊತ್ತಿಲ್ಲ.

ಯೆಜ್ಡಿಗೆ ಡಿಸ್ಕ್ ಹಾಕಿಸಿದೆ. ಹಳೆ ಚಕ್ರ, ಫೋರ್ಕು, ಲಿವರನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಯಾರಿಗೆ ಬೇಕೋ ಅವರು ಒಂದು ದಿನ ವಾಪಸ್ ಹಾಕಿಕೊಳ್ಳಲಿ. ಸ್ಪೀಡೋಮೀಟರಿನ ಗಾಜಿನ ಮೇಲೆ 60ರ ಹತ್ತಿರ ಒಂದು ಕೆಂಪು ಗೆರೆ ಎಳೆದಿದ್ದೇನೆ, ಮಣಿಕಟ್ಟನ್ನ ನಂಬೋಕಾಗದೆ. ಕಾಕಾನ ಮಗ ಅದನ್ನ ನೋಡಿ ನಕ್ಕ.

ಟ್ರೇಲರುಗಳ ಹಿಂದೆ ರಿಫ್ಲೆಕ್ಟರ್ ಟೇಪ್ ಅಂಟಿಸಿದೆ. 600 ರೂಪಾಯಿ ಆಯಿತು, ಕಾಕಾನೂ ಬಂದು ಮೂಲೆ ಮೂಲೆ ಒತ್ತಿ ಹಚ್ಚಿದ. ಮಾರನೆಯ ದಿನ ಲೋಡ್ ಆದ ಮೇಲೆ ನೋಡಿದರೆ ಕಬ್ಬಿನ ತುದಿ ಹಿಂದೆ ಜೋತುಬಿದ್ದು ಟೇಪೆಲ್ಲ ಮುಚ್ಚಿಹೋಗಿತ್ತು. ಡ್ರೈವರ್ ಕುಡುಗೋಲು ತಂದು ಸ್ವಲ್ಪ ಸವರಿದ, ಫ್ಯಾಕ್ಟರಿ ಪಾಳಿಗೆ ತಡ ಆಗುತ್ತೆ ಅಂತ ಹೊರಟೇಬಿಟ್ಟ. ಕತ್ತಲಾಗಿತ್ತು. ನಾನು ಯೆಜ್ಡಿ ತೆಗೆದು ಅವನ ಹಿಂದೆ ಹೋದೆ. ಹಿಂದಿನಿಂದ ಬರೋರಿಗೆ ನನ್ನ ಟೇಲ್‌ಲೈಟಾದರೂ ಕಾಣಲಿ ಅಂತ, ಎರಡನೇ ಗೇರಿನಲ್ಲಿ, ಫ್ಯಾಕ್ಟರಿ ಗೇಟಿನ ತನಕ.