ಫೀಜು ಮತ್ತು ಋಣ

ಸರ್ಕಾರಿ ಕಾಲೇಜಿನ ಓದು ಲಾಭವೋ ನಷ್ಟವೋ ಎಂದು ಲೆಕ್ಕ ಹಾಕುವವರು ಈಚೆಗೆ ಹೆಚ್ಚಿದ್ದಾರೆ. ಕಟ್ಟಿದ ಫೀಜು ಒಂದು ಕಡೆ, ಮುಂದೆ ಬರುವ ಸಂಬಳ ಇನ್ನೊಂದು ಕಡೆ. ಈ ಲೆಕ್ಕ ಸಣ್ಣತನವೆಂದು ನಾನು ಹೇಳಲಾರೆ. ಕೂಲಿ ಮಾಡುವ ಮನೆಯವರು ಅದನ್ನು ಹಾಕಲೇಬೇಕು. ಮಗ ಕಾಲೇಜಿಗೆ ಹೋದನೆಂದರೆ ಮೂರು ವರ್ಷ ಅವನ ದುಡಿಮೆ ನಿಂತಿತು. ಫೀಜು ಎಷ್ಟೇ ಕಡಿಮೆಯಿರಲಿ, ಆ ಮನೆಗೆ ಓದು ಅಗ್ಗವಲ್ಲ.

ನನಗೆ ತೊಡಕಾಗಿ ಕಾಣುವುದು ಬೇರೊಂದು. ಉಳಿದ ಖರ್ಚನ್ನು ಹೊತ್ತವರಾರು? ಬೆಂಕಿಪೊಟ್ಟಣ ಕೊಳ್ಳುವ ಮುದುಕಿಯೂ ತೆರಿಗೆ ಕಟ್ಟುತ್ತಾಳಷ್ಟೆ. ಅವಳ ಮನೆಯಿಂದ ಒಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲದಿರಬಹುದು. ಸಂಬಳದ ಲೆಕ್ಕದಲ್ಲಿ ಅವಳ ಹೆಸರೇ ಇಲ್ಲ.

ಹೊರನಾಡಿನ ಒಂದು ನಿದರ್ಶನ ನೋಡಿ. ನ್ಯೂಯಾರ್ಕ್ ನಗರದ ಜನ 1847ರಲ್ಲಿ ಮತ ಹಾಕಿ, ಫೀಜಿಲ್ಲದ ಕಾಲೇಜೊಂದನ್ನು ಪಡೆದರು. ಅದೇ ಮುಂದೆ ಸಿಟಿ ಕಾಲೇಜಾಯಿತು. ನಗರದ ಬೊಕ್ಕಸ ಬರಿದಾಗಿ 1976ರಲ್ಲಿ ಅಲ್ಲಿಯೂ ಫೀಜು ಬಂತು, ಅದಿರಲಿ. ವಲಸೆ ಬಂದ ಯೆಹೂದಿ ಮನೆತನದ ಜೋನಾಸ್ ಸಾಲ್ಕ್ 1934ರಲ್ಲಿ ಅಲ್ಲಿ ಪದವಿ ಪಡೆದರು. ಅವರ ಪೋಲಿಯೊ ಲಸಿಕೆ 1955ರಲ್ಲಿ ಬಳಕೆಗೆ ಬಂತು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಆ ಬಗೆಯ ಚುಚ್ಚುಮದ್ದು 2015ರಿಂದ ನಮ್ಮ ದೇಶದ ಸರ್ಕಾರಿ ಲಸಿಕೆಗಳಲ್ಲಿಯೂ ಸೇರಿದೆ.

ಎಲ್ಲರೂ ಸಾಲ್ಕ್ ಆಗುವುದಿಲ್ಲ, ನಿಜ. ಅಲ್ಲಿ ಓದಿದ ಎಷ್ಟೋ ಮಂದಿ ಅದೇ ಊರಿನ ಶಾಲೆಗಳಲ್ಲಿ ಮೇಷ್ಟರಾದರು. ಅವರ ಓದಿನ ಬೆಲೆಯನ್ನು ಮೇಷ್ಟರ ಸಂಬಳದಿಂದಲೇ ಕಟ್ಟಿದರೆ, ಅವರಿಂದ ಅಕ್ಷರ ಕಲಿತ ಮಕ್ಕಳನ್ನು ಯಾವ ಕಲಮಿನಲ್ಲಿ ಬರೆಯುವುದು?